ಪುಣೆಗೆ ಕಾರು ತರೋಕೆ ಹೊರಟಿದ್ದೀರಾ? ಮೊದಲು ವಾಪಸ್ ಬರೋ ಟಿಕೆಟ್ ತೆಗೆಸಿ

ಬಾಗಲಕೋಟೆಯಿಂದ ಪುಣೆಗೆ ಹೋಗಿ ಸೆಕೆಂಡ್ ಹ್ಯಾಂಡ್ ಕಾರು ತರಬೇಕು, ಅಷ್ಟು ದೂರ ಹೋಗಿ ಬರಿಗೈಲಿ ಬರೋ ಹಾಗೆ ಆಗಬಾರದು, ಏನು ಮಾಡಲಿ ಅಂತ ಕೇಳಿದ್ದೀರಿ. "ಬರಿಗೈಲಿ ಬರಬಾರದು" ಅನ್ನೋದನ್ನು ಓದಿದ ಕೂಡಲೇ ಫೋನ್ ತಗೊಂಡು ಹೋಗಿ ಹೆಂಡತಿಗೆ ತೋರಿಸಿದೆ. ಅವಳು ನಕ್ಕಳು. 2022ರಲ್ಲಿ ನಮ್ಮನ್ನು ಮುಳುಗಿಸಿದ್ದು ಆ ಮಾತೇ.

ನಾನು ವಿಜಯಪುರದವನು. ನನಗೆ ಬೇಕಿದ್ದದ್ದು ಡೀಸೆಲ್ ಡಿಸೈರ್. ನಮ್ಮೂರಲ್ಲಿ 2016ರ ಗಾಡಿಗೆ ಐದು ಲಕ್ಷದ ಹತ್ತಿರ ಹೇಳುತ್ತಿದ್ದರು. ಪುಣೆಯ ಒಬ್ಬ ಡೀಲರ್ ಅದೇ ವರ್ಷದ ಗಾಡಿಗೆ 4 ಲಕ್ಷ 20 ಸಾವಿರ ಅಂದ. ಫೋಟೋ ಕಳಿಸಿದ, ವಿಡಿಯೋ ಕಳಿಸಿದ, ಎಂಜಿನ್ ಸದ್ದೂ ಕೇಳಿಸಿದ. ಫೋನಿನಲ್ಲೇ 10 ಸಾವಿರ ಟೋಕನ್ ಹಾಕಿದೆ. ಖಂಡೇನವಮಿಗೆ ನಾಲ್ಕು ದಿನ ಉಳಿದಿತ್ತು. ಹಬ್ಬದ ದಿನ ಗಾಡಿ ಮನೆ ಮುಂದೆ ನಿಂತಿರಬೇಕು ಅಂತ ಅವ್ವನಿಗೆ ಆಸೆ. ನನಗೆ ಅವ್ವನಿಗಿಂತ ಜಾಸ್ತಿ.

ನಾವು ಹೊರಟಿದ್ದು ನಾಲ್ಕು ಜನ. ನಾನು, ಹೆಂಡತಿ, ಆರು ವರ್ಷದ ಮಗ, ಹೆಂಡತಿಯ ತಮ್ಮ. ರಾತ್ರಿ ಸೊಲ್ಲಾಪುರದ ನೆಂಟರ ಮನೆಯಲ್ಲಿ ಉಳಿದು, ಬೆಳಿಗ್ಗೆ ರೈಲು ಹಿಡಿದೆವು. ಬ್ಯಾಗಿನಲ್ಲಿ ಏನಿತ್ತು ಗೊತ್ತಾ? ತೆಂಗಿನಕಾಯಿ, ಐದು ನಿಂಬೆಹಣ್ಣು, ಕರ್ಪೂರ, ಕುಂಕುಮ. ಜೊತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಟ್ಟ ಚೆಂಡು ಹೂವಿನ ಮಾಲೆ. ಡೀಲರ್ ಅಂಗಡಿ ಮುಂದೆಯೇ ಪೂಜೆ ಮಾಡಿ ಹೊರಡುವ ಪ್ಲಾನ್. ವಾಪಸ್ ಬರೋ ಟಿಕೆಟ್ ಮಾತ್ರ ಇರಲಿಲ್ಲ. ಬರುವಾಗ ಕಾರಲ್ಲೇ ಬರ್ತೀವಲ್ಲ, ಟಿಕೆಟ್ ಯಾಕೆ?

ಅಲ್ಲೇ ನಾನು ತಪ್ಪಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ಕಥೆ ಕೇಳಿದವರೆಲ್ಲ "ಕಾಗದ ಸರಿಯಾಗಿ ನೋಡಬೇಕಿತ್ತು" ಅಂತ ಬುದ್ಧಿ ಹೇಳಿ ಹೋಗುತ್ತಾರೆ. ಕಾಗದ ನಾನು ನೋಡಿದೆ.

ಅಂಗಡಿಗೆ ಹೋದಾಗ ಮಧ್ಯಾಹ್ನ ಒಂದು ಗಂಟೆ. ಗಾಡಿ ತೊಳೆದು ನಿಲ್ಲಿಸಿದ್ದರು. ಓಡಿಸಿ ನೋಡಿದೆ, ಚೆನ್ನಾಗಿತ್ತು. ಟೈರು, ಕ್ಲಚ್ಚು, ಏಸಿ ಎಲ್ಲ ಸರಿ. ಆಮೇಲೆ ಆರ್‌ಸಿ ಕೇಳಿದೆ. ಕಾರ್ಡ್ ತಿರುಗಿಸಿದರೆ ಅದರ ಮೇಲೆ ಒಂದು ಬ್ಯಾಂಕಿನ ಹೆಸರು. ಅಂದರೆ ಗಾಡಿಯ ಮೇಲಿನ ಸಾಲ ಇನ್ನೂ ದಾಖಲೆಯಲ್ಲಿದೆ. ಸಾಲ ತೀರಿದ ಪತ್ರ ಎಲ್ಲಿ, ದಾಖಲೆಯಿಂದ ಸಾಲ ತೆಗೆಸೋಕೆ ಬ್ಯಾಂಕ್ ಸಹಿ ಹಾಕಿದ ಫಾರ್ಮ್ 35 ಎಲ್ಲಿ ಅಂತ ಕೇಳಿದೆ. "ಹೋ ಜಾಯೇಗಾ ಸಾಹೇಬ್, ಹದಿನೈದು ದಿನದಲ್ಲಿ ಕೊರಿಯರ್ ಮಾಡ್ತೀವಿ" ಅಂದ.

ನಾನೇನು ಹಸುಗೂಸಲ್ಲ. ಆ ಮಾತಿನ ಅರ್ಥ ನನಗೆ ಆಯ್ತು. ಹೆಂಡತಿ ಪಕ್ಕಕ್ಕೆ ಕರೆದು, "ಬ್ಯಾಡ ಬಿಡ್ರಿ, ಹೋಗೂಣು" ಅಂದಳು. ಬಂದ ದಾರಿಗೆ ಸುಂಕವಿಲ್ಲ ಅಂತ ಎದ್ದು ಬರಬೇಕಿತ್ತು.

ಆದರೆ ಆಗ ಗಂಟೆ ನಾಲ್ಕು. ಹಬ್ಬದ ರಶ್ಶು, ಖಾಸಗಿ ಬಸ್ಸಿನವರು ಬಾಯಿಗೆ ಬಂದ ರೇಟು ಹೇಳುತ್ತಿದ್ದರು. ಮಗ ಆಗಲೇ ಕಾರಿನ ಹಿಂದಿನ ಸೀಟಿನಲ್ಲಿ ಚಪ್ಪಲಿ ಬಿಚ್ಚಿಟ್ಟು ಮಲಗಿದ್ದ. ಅವ್ವನ ಫೋನು ಮೂರನೇ ಸಲ ಬಂತು: "ಎಲ್ಲಿಗೆ ಬಂದ್ರಪಾ? ಧೂಳಖೇಡ ದಾಟಿದ್ರಿ ಏನು?" ಭೀಮಾ ಹೊಳೆ ದಾಟುವುದಿರಲಿ, ನಾವು ಪುಣೆಯಲ್ಲೇ ಇದ್ದೆವು. ಡಬ್ಬಿ ತೆರೆದರೆ ಮಾಲೆಯ ಹೂವಿನ ಅಂಚು ಕಪ್ಪಾಗುತ್ತಿದೆ. ಹೆಂಡತಿಗೆ ನಾನಂದಿದ್ದು ಇಷ್ಟೇ: "ಇಷ್ಟ ದೂರ ಬಂದು ಬರಿಗೈಲೆ ಹೋಗೂದೇನ?"

ಸಹಿ ಹಾಕಿದೆ. ಉಳಿದ ದುಡ್ಡು ಕೊಟ್ಟೆ. ಕಾಯಿ ಒಡೆದೆವು.

ಸೊಲ್ಲಾಪುರ ರಸ್ತೆಯ ಪಾಟಸ್ ಟೋಲ್‌ನಲ್ಲೇ ಮೊದಲ ಪೆಟ್ಟು. ಗಾಜಿನ ಮೇಲಿದ್ದ ಫಾಸ್ಟ್ಯಾಗ್ ಹಳೇ ಮಾಲೀಕರದು, ಅವರು ಬ್ಲಾಕ್ ಮಾಡಿಸಿದ್ದರು. ಡಬಲ್ ಟೋಲ್ ಕಟ್ಟಿದೆ. ಇರಲಿ, ಅದು ಚಿಲ್ಲರೆ ಮಾತು.

ಹದಿನೈದು ದಿನ ಹೋಗಿ ಏಳು ತಿಂಗಳಾಯ್ತು. ಮಾರಿದ ದುಡ್ಡಿನಲ್ಲಿ ಹಳೇ ಸಾಲ ತೀರಿಸುತ್ತೇನೆ ಅಂತ ಮಾಲೀಕರಿಗೆ ಹೇಳಿದ್ದ ಡೀಲರ್, ತೀರಿಸಿಯೇ ಇರಲಿಲ್ಲ. ಸಾಲ ತೀರದೆ ಬ್ಯಾಂಕ್ ಒಪ್ಪಿಗೆ ಕೊಡುವುದಿಲ್ಲ. ಬ್ಯಾಂಕಿನ ಒಪ್ಪಿಗೆ ಇಲ್ಲದೆ ಪುಣೆ ಆರ್‌ಟಿಒ ಎನ್‌ಒಸಿ, ಅಂದರೆ ಗಾಡಿ ಬೇರೆ ಕಡೆ ನೋಂದಾಯಿಸೋಕೆ ತಕರಾರಿಲ್ಲ ಅನ್ನೋ ಪತ್ರ, ಕೊಡುವುದಿಲ್ಲ. ಎನ್‌ಒಸಿ ಇಲ್ಲದೆ ನನಗೆ ವಿಜಯಪುರದ ಕೆಎ 28 ನಂಬರ್ ಇಲ್ಲ. ಆರ್‌ಸಿ ನನ್ನ ಹೆಸರಿಗೆ ಬಾರದೆ ವಿಮೆಯೂ ಬದಲಾಗಲಿಲ್ಲ. ಕಬ್ಬಿನ ಸೀಸನ್ನಿನಲ್ಲಿ ಒಂದು ದಿನ ಟ್ರ್ಯಾಕ್ಟರಿನವನು ಹಿಂದೆ ತೆಗೆಯುವಾಗ ಟ್ರೇಲರ್ ಬಡಿದು ಎಡಗಡೆಯ ಎರಡೂ ಬಾಗಿಲು ಒಳಗೆ ಹೋದವು. ಪಾಲಿಸಿ ನಿಮ್ಮ ಹೆಸರಲ್ಲಿಲ್ಲ ಅಂತ ಕ್ಲೇಮ್ ವಾಪಸ್ ಬಂತು. 27 ಸಾವಿರ ಕೈಯಿಂದ. ಪುಣೆಗೆ ಮತ್ತೆ ಮೂರು ಸಲ ಅಲೆದಾಟ 11 ಸಾವಿರ, ಏಜೆಂಟು ಮತ್ತು ವಕೀಲರ ನೋಟಿಸು 13 ಸಾವಿರ. ಒಟ್ಟು 51 ಸಾವಿರ. ಆ ದಿನ ಸುಮ್ನೆ ಎದ್ದು ಬಂದಿದ್ದರೆ ಹೋಗುತ್ತಿದ್ದದ್ದು ನಾಲ್ಕು ಜನರ ಹೋಗಿ ಬರೋ ಖರ್ಚು ಮತ್ತು ಟೋಕನ್, ಹೆಚ್ಚೆಂದರೆ 15 ಸಾವಿರ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಹೋಗಿ ಬರೋ ಖರ್ಚು ಮನೆ ಬಿಡುವಾಗಲೇ ಹೋಯ್ತು ಅಂದುಕೊಳ್ಳಿ. ವಾಪಸ್ ಟಿಕೆಟ್ ಮೊದಲೇ ತೆಗೆಸಿ, ಕಾರು ತಂದರೆ ಕ್ಯಾನ್ಸಲ್ ಮಾಡಿ. ಕ್ಯಾನ್ಸಲ್ ಮಾಡಿದ್ದಕ್ಕೆ ಹೋಗೋ ನೂರಿನ್ನೂರು ರೂಪಾಯಿಗೆ ಅಳಬೇಡಿ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಹಬ್ಬದ ಮುಂದೆ ಹೋಗಬೇಡಿ. ಟೋಕನ್ ಹಾಕಲೇಬೇಡಿ, ಹಾಕದಿದ್ದರೆ ಗಾಡಿ ಬೇರೆಯವರಿಗೆ ಹೋಗುತ್ತದೆ ಅಂದರೆ ಹೋಗಲಿ ಬಿಡಿ.

ಹೊರಡುವ ಮೊದಲು ಗಾಡಿ ನಂಬರ್ ಕೇಳಿ, ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ಯಾವ ವರ್ಷದ್ದು, ಎಷ್ಟನೇ ಮಾಲೀಕರು, ವಿಮೆ ಯಾವಾಗ ಮುಗಿಯುತ್ತದೆ, ಸಾಲ ಇದೆಯಾ ಅನ್ನೋದು ಮನೆಯಲ್ಲೇ ಕೂತು ಗೊತ್ತಾಗುತ್ತದೆ. ನಂಬರ್ ಮುಚ್ಚಿ ಫೋಟೋ ಕಳಿಸುವವನ ಹತ್ತಿರ ಹೋಗುವುದೇ ಬೇಡ. ಸಾಲ ಇದ್ದರೆ, ತೀರಿಸಿ ಬ್ಯಾಂಕಿನ ಎನ್‌ಒಸಿ ಕೈಗೆ ಬಂದ ಮೇಲೆ ಫೋನ್ ಮಾಡಿ ಅಂತ ಹೇಳಿ ಇಡಿ. ನಾನು ಬರೋ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತಲೂ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬಿಸಿ ಇದ್ದರೆ, ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಬರೋ ಸದ್ದನ್ನೋ ಹೊಗೆಯನ್ನೋ ಮುಚ್ಚೋಕೆ ಮೊದಲೇ ಓಡಿಸಿಟ್ಟಿರಬಹುದು.

ಇನ್ನೊಂದು, ಪುಣೆಯೇ ಯಾಕೆ? ಅಗ್ಗ ಅಂತ ತಾನೇ? ಬೇರೆ ರಾಜ್ಯದ ಗಾಡಿ ಇಲ್ಲಿಗೆ ಬಂದರೆ ನಮ್ಮ ಲೈಫ್ ಟ್ಯಾಕ್ಸ್ ಕಟ್ಟಬೇಕು, ಅದೂ ಕರ್ನಾಟಕದ್ದು ದೇಶದಲ್ಲೇ ಜಾಸ್ತಿ ಇರುವವುಗಳಲ್ಲಿ ಒಂದು. ಗಾಡಿ ಹಳೆಯದಾದಷ್ಟೂ ಕಡಿಮೆಯಾಗುತ್ತದೆ, ನಿಜ. ಆದರೂ ಏಳು ವರ್ಷದ ಡಿಸೈರ್‌ಗೆ ನಾನು 60 ಸಾವಿರದ ಮೇಲೆ ಕಟ್ಟಿದೆ. ಮಹಾರಾಷ್ಟ್ರದಲ್ಲಿ ಕಟ್ಟಿದ ಟ್ಯಾಕ್ಸಿನಲ್ಲಿ ಉಳಿದದ್ದನ್ನು ವಾಪಸ್ ಪಡೆಯಬಹುದು, ಅದಕ್ಕೆ ಮತ್ತೆ ಪುಣೆ ಆರ್‌ಟಿಒ ಬೆನ್ನು ಹತ್ತಬೇಕು. ನಾನು ಆ ಆಸೆ ಬಿಟ್ಟೆ. ನಮ್ಮೂರಲ್ಲಿ ಐದು ಲಕ್ಷ ಕೇಳಿದವನು ಕಳ್ಳನೇನೂ ಆಗಿರಲಿಲ್ಲ ಅಂತ ಆಗ ತಿಳೀತು. ಬೆಳಗಾವಿ, ಹುಬ್ಬಳ್ಳಿ ಕಡೆ ನೋಡಿ. ಕೆಎ ಗಾಡಿಯಾದರೆ ನಂಬರ್ ಬದಲಾಗಲ್ಲ, ಟ್ಯಾಕ್ಸ್ ಮತ್ತೆ ಕಟ್ಟಬೇಕಿಲ್ಲ, ಹೆಸರು ಬದಲಿಸಿದರೆ ಮುಗೀತು.

ಹೋದ ವರ್ಷ ಹೆಂಡತಿಯ ತಮ್ಮನಿಗೆ ಕಾರು ನೋಡಲು ಹುಬ್ಬಳ್ಳಿಗೆ ಹೋಗಿದ್ದೆವು. ಇಬ್ಬರೇ, ವಾಪಸ್ ಟಿಕೆಟ್ ಜೇಬಿನಲ್ಲಿ. ಗಾಡಿ ಫಳಫಳ ಹೊಳೆಯುತ್ತಿತ್ತು. ಡ್ರೈವರ್ ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆದೆ. ಮೇಲಿನ ಅರ್ಧ ಕರ್ರಗೆ, ಹೊಸದರ ಹಾಗೆ. ಕೆಳಗಿನ ಅರ್ಧಕ್ಕೆ ಮಣ್ಣಿನ ಬಣ್ಣ, ಎರಡರ ನಡುವೆ ಗೆರೆ ಎಳೆದ ಹಾಗೆ ಒಂದು ಕಲೆ. 2019ರ ಆಗಸ್ಟಿನಲ್ಲಿ ಸಾಂಗಲಿ, ಕೊಲ್ಹಾಪುರ, ನಮ್ಮ ಕಡೆಯ ಕೃಷ್ಣಾ, ಮಲಪ್ರಭಾ ದಂಡೆಯ ಊರುಗಳು ಮುಳುಗಿದ್ದು ನೆನಪಿದೆಯಲ್ಲ? ಈ ಗಾಡಿ ಯಾವ ನೀರಲ್ಲಿ ನಿಂತಿತ್ತೋ. ಸೀಟಿನ ಕವರ್ ಬದಲಿಸಿದ್ದರು, ಬೆಲ್ಟ್ ಮರೆತಿದ್ದರು. "ಚಾ ಕುಡಿದ ಹೋಗ್ರಿ ಸರ" ಅಂದರು. ಕುಡಿದು ಎದ್ದೆವು.

ಹುಡುಗ ಕೆರೂರು ದಾಟುವವರೆಗೂ ಮುಖ ಊದಿಸಿಕೊಂಡು ಕೂತಿದ್ದ. "ಮಾಮಾ, ಸುಮ್ಮ ಖಾಲಿ ಹೋಗಿ ಬಂದಂಗಾತು" ಅಂದ. ಇಬ್ಬರದೂ ಬಸ್ಸು, ಊಟ ಎಲ್ಲ ಸೇರಿ ಒಂದೂವರೆ ಸಾವಿರವೂ ಆಗಿರಲಿಲ್ಲ. ಕೊಲ್ಹಾರದಲ್ಲಿ ಬಸ್ಸು ನಿಂತಾಗ ಇಳಿದು ಒಂದು ಗಡಿಗೆ ಮೊಸರು ತಂದು ಅವನ ತೊಡೆ ಮೇಲಿಟ್ಟೆ.