ಬಿಸಿಲನಾಡಿನಲ್ಲಿದ್ದೂ ವಿಟಮಿನ್ ಡಿ ಕೊರತೆ ಏಕೆ?

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ನಮ್ಮ ಅತ್ತೆಯವರಿಗೆ 58 ವರ್ಷ. ಕೆಲವು ತಿಂಗಳಿಂದ ಸೊಂಟ, ತೊಡೆ, ಪಕ್ಕೆಲುಬುಗಳಲ್ಲಿ ನೋವು. ಕುಳಿತಲ್ಲಿಂದ ಏಳಬೇಕಾದರೆ ಗೋಡೆ ಹಿಡಿಯುತ್ತಾರೆ. ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ 9 ಎಂದು ಬಂದಿದೆ. ಎಂಟು ವಾರ, ವಾರಕ್ಕೊಂದರಂತೆ 60,000 ಯೂನಿಟ್‌ನ ಪುಡಿಯನ್ನೂ ದಿನಕ್ಕೊಂದು ಕ್ಯಾಲ್ಸಿಯಂ ಮಾತ್ರೆಯನ್ನೂ ಬರೆದುಕೊಟ್ಟಿದ್ದಾರೆ. ಪಿತ್ತಕೋಶದ ಕಲ್ಲಿನ ಆಪರೇಷನ್ ಆದಾಗಿನಿಂದ ಅತ್ತೆಯವರು ಎಣ್ಣೆ, ತುಪ್ಪ ಪೂರ್ತಿ ಬಿಟ್ಟಿದ್ದಾರೆ. ಔಷಧಿಯನ್ನೂ ಬೆಳಗ್ಗೆ ಬರಿ ಹೊಟ್ಟೆಯಲ್ಲಿ ತೆಗೆದುಕೊಳ್ಳುತ್ತಾರೆ. ನಮ್ಮ ಕಡೆ ಬಿಸಿಲಿಗೇನು ಬರವಿಲ್ಲ. ಆದರೂ ಈ ಕೊರತೆ ಹೇಗೆ ಬಂತು? 
— ಓದುಗರು, ಸಿಂಧನೂರು

ಉತ್ತರ: ಮೊದಲು ಬರಿ ಹೊಟ್ಟೆಯ ವಿಷಯವನ್ನೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದನ್ನು ಇಂದೇ ಸರಿಪಡಿಸಬಹುದು. ಎ, ಡಿ, ಇ, ಕೆ ಎಂಬ ನಾಲ್ಕು ವಿಟಮಿನ್‌ಗಳು ಕರಗುವುದು ಕೊಬ್ಬಿನಲ್ಲಿ. ಊಟದಲ್ಲಿನ ಎಣ್ಣೆಯ ಅಂಶ ಸಣ್ಣ ಕರುಳನ್ನು ತಲುಪಿದಾಗ ಪಿತ್ತರಸವು, ಎಣ್ಣೆ ಹಚ್ಚಿದ ತಲೆಯ ಜಿಡ್ಡನ್ನು ಸೀಗೆಪುಡಿ ಬಿಡಿಸುವ ಹಾಗೆ, ಅದನ್ನು ಅತಿ ಸಣ್ಣ ಕಣಗಳಾಗಿ ಒಡೆದು ನೀರಿನೊಂದಿಗೆ ಬೆರೆಯುವಂತೆ ಮಾಡುತ್ತದೆ; ಆ ಕಣಗಳೊಳಗೆ ಸೇರಿಕೊಂಡೇ ಈ ವಿಟಮಿನ್‌ಗಳು ಕರುಳಿನ ಗೋಡೆಯನ್ನು ದಾಟಿ, ದುಗ್ಧನಾಳಗಳ ಮೂಲಕ ರಕ್ತವನ್ನು ಸೇರುತ್ತವೆ. ಹೊಟ್ಟೆಯಲ್ಲಿ ಜಿಡ್ಡೇ ಇಲ್ಲದಿದ್ದರೆ ನುಂಗಿದ ಔಷಧಿಯ ಒಂದು ಪಾಲು ಮೈಗೆ ಹತ್ತದೆ ಹೋಗುತ್ತದೆ. ಪಿತ್ತಕೋಶವು ಪಿತ್ತರಸವನ್ನು ಕೂಡಿಡುವ ಚೀಲ ಮಾತ್ರ. ಆ ರಸವನ್ನು ತಯಾರಿಸುವುದು ಯಕೃತ್ತು. ಚೀಲವನ್ನು ತೆಗೆದ ಮೇಲೂ ರಸವು ನೇರವಾಗಿ ಕರುಳಿಗೆ ಇಳಿಯುತ್ತಲೇ ಇರುತ್ತದೆ. ಆದ್ದರಿಂದ ಕರಿದ ತಿಂಡಿ ಬೇಡವಾದರೂ, ಒಗ್ಗರಣೆಗೆ ಶೇಂಗಾ ಇಲ್ಲವೆ ಕುಸುಬಿ ಎಣ್ಣೆ, ರೊಟ್ಟಿಯ ಜೊತೆ ಒಂದಿಷ್ಟು ಶೇಂಗಾ ಹಿಂಡಿ, ಅನ್ನಕ್ಕೆ ಒಂದು ಚಮಚ ತುಪ್ಪ ಕೊಡಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ವಿಟಮಿನ್ ಡಿ ಪುಡಿಯನ್ನು ದಿನದ ದೊಡ್ಡ ಊಟವಾದ ಕೂಡಲೇ ಹಾಲಿನಲ್ಲಿ ಕಲಸಿ ಕೊಡಿ.

ಇನ್ನು ಬಿಸಿಲಿನ ಮಾತು. ನಮ್ಮ ಊಟದಿಂದ ದೊರೆಯುವ ವಿಟಮಿನ್ ಡಿ ಅತ್ಯಲ್ಪ. ಹೆಚ್ಚಿನದೆಲ್ಲ ಚರ್ಮದಲ್ಲಿ ತಯಾರಾಗಬೇಕು, ಅದಕ್ಕೆ ಸೂರ್ಯನ ನೇರಳಾತೀತ ಬಿ ಕಿರಣ ನೇರವಾಗಿ ಚರ್ಮದ ಮೇಲೆ ಬೀಳಬೇಕು. ಕಿಟಕಿಯ ಗಾಜು ಈ ಕಿರಣವನ್ನು ತಡೆಯುತ್ತದೆ. ಭತ್ತದ ನಾಟಿಗೆ ಹೋಗುವ ಹೆಣ್ಣುಮಕ್ಕಳು ದಿನವಿಡೀ ಬಯಲಿನಲ್ಲಿದ್ದರೂ ಸೀರೆಯ ಮೇಲೆ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿಕೊಂಡಿರುತ್ತಾರೆ. ಮನೆಯಲ್ಲಿರುವವರಂತೂ ಸೆಕೆಗೆ ಹೆದರಿ ಬಾಗಿಲು ಹಾಕಿಕೊಳ್ಳುತ್ತಾರೆ. ಎಳೆಬಿಸಿಲಿನಲ್ಲಿ ಕುಳಿತರೆ ಸಾಕೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ, ಆದರೆ ಆ ಹೊತ್ತಿನ ಓರೆಬಿಸಿಲಿನಲ್ಲಿ ಈ ಕಿರಣ ಬಹಳ ಕಡಿಮೆ. ಅಂಗಳದಲ್ಲಿ ನಿಂತು ನಿಮ್ಮ ನೆರಳನ್ನು ನೋಡಿಕೊಳ್ಳಿ: ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಆ ಬಿಸಿಲು ಉಪಯೋಗಕ್ಕೆ ಬರುತ್ತದೆ. ರಾಯಚೂರು ಸೀಮೆಯಲ್ಲಿ ಮೇ ತಿಂಗಳಿನಲ್ಲಿ ಇದು ಒಂಬತ್ತು ಗಂಟೆ ದಾಟುತ್ತಿದ್ದಂತೆ ಆಗುತ್ತದೆ, ಡಿಸೆಂಬರಿನಲ್ಲಿ ಹತ್ತೂಮುಕ್ಕಾಲಿನ ತನಕ ಕಾಯಬೇಕು. ತೋಳು, ಕಾಲು, ಬೆನ್ನಿಗೆ ಬಿಸಿಲು ತಾಗುವಂತೆ ಹದಿನೈದು ಇಪ್ಪತ್ತು ನಿಮಿಷ ಕುಳಿತುಕೊಳ್ಳಲಿ. ಮೈಬಣ್ಣ ಕಪ್ಪಾಗಿದ್ದಷ್ಟೂ ಹೆಚ್ಚು ಹೊತ್ತು ಬೇಕಾಗುತ್ತದೆ. ಬೇಸಿಗೆಯ ನಡುಮಧ್ಯಾಹ್ನ ಮಾತ್ರ ಬೇಡವೇ ಬೇಡ.

ಚರ್ಮದಲ್ಲಿ ಹುಟ್ಟಿದ ವಿಟಮಿನ್ ಡಿ ಯಕೃತ್ತಿನಲ್ಲಿ ಒಮ್ಮೆ, ಮೂತ್ರಪಿಂಡದಲ್ಲಿ ಇನ್ನೊಮ್ಮೆ ರೂಪ ಬದಲಿಸಿದ ನಂತರವೇ ಕೆಲಸಕ್ಕೆ ಇಳಿಯುತ್ತದೆ. ಅದರ ಮುಖ್ಯ ಕೆಲಸ, ಊಟದಲ್ಲಿನ ಕ್ಯಾಲ್ಸಿಯಂ ಮತ್ತು ರಂಜಕವನ್ನು ಕರುಳು ಹೀರಿಕೊಳ್ಳುವಂತೆ ಮಾಡುವುದು. ಅದು ಸಾಕಷ್ಟಿದ್ದಾಗ ಕ್ಯಾಲ್ಸಿಯಂನ ಶೇ. 30ರಿಂದ 40ರಷ್ಟು ಒಳಗೆ ಹೋಗುತ್ತದೆ, ಇಲ್ಲದಾಗ ಶೇ. 10ರಿಂದ 15ರಷ್ಟು ಮಾತ್ರ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯಲು ದೇಹ ಬಿಡುವುದಿಲ್ಲ, ಏಕೆಂದರೆ ಹೃದಯ ಬಡಿಯುವುದಕ್ಕೂ ಸ್ನಾಯು ಹಿಗ್ಗಿ ಕುಗ್ಗುವುದಕ್ಕೂ ಅದು ಬೇಕು. ಆಗ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹೆಚ್ಚು ಹಾರ್ಮೋನ್ ಸುರಿಸಿ ಎಲುಬಿನಿಂದಲೇ ಕ್ಯಾಲ್ಸಿಯಂ ತೆಗೆಸುತ್ತವೆ. ಹೊಸ ಎಲುಬಿನ ಹಂದರ ಬೆಳೆದರೂ ಅದರಲ್ಲಿ ಸುಣ್ಣ ತುಂಬದೆ ಮೆತ್ತಗೆ ಉಳಿಯುತ್ತದೆ. ಮಕ್ಕಳಲ್ಲಿ ಇದು ರಿಕೆಟ್ಸ್, ದೊಡ್ಡವರಲ್ಲಿ ಆಸ್ಟಿಯೋಮಲೇಸಿಯ. ತೊಡೆಯ ಸ್ನಾಯುಗಳೂ ಸೋಲುವುದರಿಂದಲೇ ಇಂಥವರು ಗೋಡೆ ಹಿಡಿದು ಏಳುತ್ತಾರೆ.

ಕ್ಯಾಲ್ಸಿಯಂ ಊಟದಿಂದಲೂ ಬರಲಿ. ಅನ್ನದಲ್ಲಿಯೂ ಜೋಳದಲ್ಲಿಯೂ ಅದು ಕಡಿಮೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ, ಅಷ್ಟೇ ಎಳ್ಳಿನಲ್ಲಿ ಸಾವಿರ ಮಿ.ಗ್ರಾಂಗೂ ಹೆಚ್ಚು ಇದೆ. ಸಂಕ್ರಾಂತಿಗೆ ಮಾಡುವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ವರ್ಷವಿಡೀ ಮಾಡಬಹುದಲ್ಲವೇ? ಜೊತೆಗೆ ಮಜ್ಜಿಗೆ, ಮೊಸರು.

ಎಂಟು ವಾರದ ಪುಡಿ ಮುಗಿದ ಮೇಲೆ ಅಂಗಡಿಯಿಂದ ತಾವೇ ತಂದು ಮುಂದುವರಿಸುವುದು ಅಪಾಯಕಾರಿ. ಹೆಚ್ಚಾದ ವಿಟಮಿನ್ ಡಿ ಮೂತ್ರದಲ್ಲಿ ಹರಿದುಹೋಗದೆ ದೇಹದ ಕೊಬ್ಬಿನಲ್ಲಿ ಉಳಿಯುತ್ತದೆ, ರಕ್ತದ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಅತಿಯಾದ ಬಾಯಾರಿಕೆ ಉಂಟಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಮೂರು ತಿಂಗಳ ನಂತರ ಮರುಪರೀಕ್ಷೆ ಮಾಡಿಸಿ.

ಇನ್ನೊಂದು ಮಾತನ್ನು ಈ ಭಾಗದವರೆಲ್ಲರಿಗೂ ಹೇಳಬೇಕಾಗಿದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಅನೇಕ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1.5 ಮಿ.ಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದವರಿಗೂ ಎಲುಬು ನೋವು, ಬೆನ್ನು ಬಗ್ಗದಿರುವುದು ಕಾಣಿಸುತ್ತದೆ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊರತೆಯಿದ್ದರೆ ಅದು ಇನ್ನಷ್ಟು ಬಿಗಡಾಯಿಸುತ್ತದೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀವು ಬೋರ್‌ವೆಲ್ ನೀರು ಕುಡಿಯುತ್ತಿದ್ದರೆ ಅದನ್ನೂ ಪರೀಕ್ಷೆಗೆ ಕೊಡಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಹೃದಯದ ಕವಾಟ ಬದಲಿಸಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಸೊಪ್ಪು ತಿನ್ನಬೇಡಿರೆಂದು ಪರಿಚಯದವರು ಹೇಳುತ್ತಾರೆ, ಸೊಪ್ಪು ಎಲುಬಿಗೆ ಒಳ್ಳೆಯದೆಂದೂ ಓದಿದ್ದೇನೆ. ಯಾವುದು ಸರಿ? 
— ಓದುಗರು, ಕುಷ್ಟಗಿ

ಉತ್ತರ: ಎರಡಕ್ಕೂ ಆಧಾರವಿದೆ. ಸೊಪ್ಪಿನಲ್ಲಿರುವ ವಿಟಮಿನ್ ಕೆ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳನ್ನು ಹುರಿಗೊಳಿಸುತ್ತದೆ. ಎಲುಬಿನಲ್ಲಿರುವ ಆಸ್ಟಿಯೋಕ್ಯಾಲ್ಸಿನ್ ಎಂಬ ಪ್ರೋಟೀನ್ ಕ್ಯಾಲ್ಸಿಯಂ ಹಿಡಿದುಕೊಳ್ಳುವುದೂ ಇದೇ ವಿಟಮಿನ್‌ನ ನೆರವಿನಿಂದ. ನಿಮ್ಮ ಮಾತ್ರೆ ಕೆಲಸ ಮಾಡುವುದು ವಿಟಮಿನ್ ಕೆ ಮರುಬಳಕೆಯಾಗುವುದನ್ನು ತಡೆದು. ಸೊಪ್ಪನ್ನು ಪೂರ್ತಿ ಬಿಡುವ ಅಗತ್ಯವಿಲ್ಲ, ಪ್ರಮಾಣ ಏರುಪೇರಾಗಬಾರದು, ಅಷ್ಟೇ. ಒಂದು ವಾರ ದಿನವೂ ಮೆಂತ್ಯೆ, ನುಗ್ಗೆಸೊಪ್ಪು ತಿಂದು, ಮುಂದಿನ ವಾರ ಮುಟ್ಟದೆ ಇದ್ದರೆ ನಿಮ್ಮ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ಪರೀಕ್ಷೆ) ಅಳತೆ ತಪ್ಪುತ್ತದೆ. ದಿನಕ್ಕೊಂದು ಸಣ್ಣ ಬಟ್ಟಲು ಪಲ್ಯ ಎಂದು ಗೊತ್ತುಮಾಡಿಕೊಂಡು, ಅದನ್ನು ನಿಮ್ಮ ವೈದ್ಯರಿಗೆ ತಿಳಿಸಿ, ಅದಕ್ಕೆ ತಕ್ಕಂತೆ ಮಾತ್ರೆಯ ಪ್ರಮಾಣ ನಿಗದಿಯಾಗಲಿ. ಎಲುಬಿಗೆಂದು ಮಾರುವ ಮಾತ್ರೆಗಳಲ್ಲಿ ಎಷ್ಟೋ ಸಲ ವಿಟಮಿನ್ ಕೆ2 ಸೇರಿರುತ್ತದೆ. ಕೊಳ್ಳುವ ಮೊದಲು ಚೀಟಿ ಓದಿ, ವೈದ್ಯರನ್ನು ಕೇಳದೆ ನುಂಗಬೇಡಿ.

ಪ್ರಶ್ನೆ: ಮಲ್ಟಿವಿಟಮಿನ್ ಜೊತೆ ಕಾಡ್ ಲಿವರ್ ಎಣ್ಣೆ ಮತ್ತು ವಿಟಮಿನ್ ಇ ಕ್ಯಾಪ್ಸುಲ್ ತೆಗೆದುಕೊಂಡರೆ ಮೂಳೆ ಇನ್ನಷ್ಟು ಗಟ್ಟಿಯಾಗುತ್ತದೆಯೇ? 
— ಓದುಗರು, ಸಿರುಗುಪ್ಪ

ಉತ್ತರ: ಇಲ್ಲ. ಕಾಡ್ ಎಂಬ ಮೀನಿನ ಯಕೃತ್ತಿನಿಂದ ತೆಗೆಯುವ ಕಾಡ್ ಲಿವರ್ ಎಣ್ಣೆಯಲ್ಲಿ ವಿಟಮಿನ್ ಎ ಸಿದ್ಧರೂಪದಲ್ಲಿ, ಅಂದರೆ ರೆಟಿನಾಲ್ ಆಗಿ ಇರುತ್ತದೆ. ಅದು ಯಕೃತ್ತಿನಲ್ಲಿ ಶೇಖರವಾಗುತ್ತ ಹೋಗಿ, ಅತಿಯಾದರೆ ಮೂಳೆಯನ್ನು ಸವೆಸುವ ಜೀವಕೋಶಗಳನ್ನೇ ಚುರುಕುಗೊಳಿಸುತ್ತದೆ. ನುಗ್ಗೆಸೊಪ್ಪು, ಗಜ್ಜರಿ, ಪಪಾಯಿಯಲ್ಲಿರುವ ಕ್ಯಾರೊಟಿನ್‌ನಿಂದ ಈ ತೊಂದರೆಯಿಲ್ಲ, ದೇಹ ಬೇಕಾದಷ್ಟನ್ನೇ ಅದರಿಂದ ವಿಟಮಿನ್ ಎ ಆಗಿ ಮಾಡಿಕೊಳ್ಳುತ್ತದೆ. ವಿಟಮಿನ್ ಇ ಕುಸುಬಿ, ಸೂರ್ಯಕಾಂತಿ ಎಣ್ಣೆಗಳಲ್ಲಿಯೇ ಧಾರಾಳವಾಗಿದೆ. ಎರಡು ಡಬ್ಬಿಗಳ ಚೀಟಿಯಲ್ಲೂ ವಿಟಮಿನ್ ಎ ಎಂದಿದ್ದರೆ ಒಂದನ್ನು ನಿಲ್ಲಿಸಿ. ಮನೆಯಲ್ಲಿ ಗರ್ಭಿಣಿಯರಿದ್ದರೆ ಅವರಿಗೆ ಕಾಡ್ ಲಿವರ್ ಎಣ್ಣೆ ಕೊಡಲೇಬೇಡಿ, ಹೆಚ್ಚಿನ ರೆಟಿನಾಲ್ ಹೊಟ್ಟೆಯೊಳಗಿನ ಮಗುವಿಗೆ ಕೇಡು ಮಾಡುತ್ತದೆ.