ಕವರ್ ಚಿತ್ರ ಯಾರ ಕಣ್ಣಿಗೂ ಬೀಳ್ತಿಲ್ಲ!

ಪ್ರಶ್ನೆ: ಬೆಕ್ಕೊಂದು ಗಿಡಗಳನ್ನು ಜೋಡಿಸುವ ಪುಟ್ಟ ಪಜಲ್ ಗೇಮ್ ಮಾಡಿದ್ದೇನೆ. ಕವರ್‌ನಲ್ಲಿ ಬೆಕ್ಕು, ಹನ್ನೆರಡು ಕುಂಡ, ಕಿಟಕಿ, ಮಳೆ ಎಲ್ಲವೂ ಇದೆ. ಆದರೂ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಯಾರೂ ಕ್ಲಿಕ್ ಮಾಡುತ್ತಿಲ್ಲ. ಏನು ತಪ್ಪಾಗಿದೆ?

ಉತ್ತರ: ಎಲ್ಲವೂ ಇರುವುದೇ ತಪ್ಪು! ನೀವು ಚಿತ್ರ ಬರೆದದ್ದು ದೊಡ್ಡ ಪರದೆಯಲ್ಲಿ, ಜನ ನೋಡುವುದು ಬೆರಳಗಲದ ಚೌಕಟ್ಟಿನಲ್ಲಿ. ಸ್ಟೀಮ್‌ನ ಸಣ್ಣ ಕ್ಯಾಪ್ಸೂಲ್ (ಪಟ್ಟಿಗಳಲ್ಲಿ ಕಾಣುವ ಪುಟ್ಟ ಕವರ್ ಚಿತ್ರ) ಕೆಲವು ಕಡೆ 120×45 ಪಿಕ್ಸೆಲ್‌ಗೆ ಇಳಿಯುತ್ತದೆ. ಅಷ್ಟರಲ್ಲಿ ನಿಮ್ಮ ಹನ್ನೆರಡು ಕುಂಡ ಬರೀ ಹಸಿರು ಕಲೆ. ಆ ಸೈಜಿನಲ್ಲಿ ಗೇಮ್‌ನ ಹೆಸರೊಂದೇ ದಪ್ಪಗೆ ತುಂಬಿಕೊಂಡಿರಲಿ. ದೊಡ್ಡ ಕವರ್‌ಗೆ ಬೆಕ್ಕಿನ ಮುಖ ಸಾಕು, ಪಂಜದ ತುದಿಯಲ್ಲಿ ಒಂದೇ ಕುಂಡ, ಇನ್ನೇನು ಬಿದ್ದೇ ಹೋಯ್ತು ಅನ್ನೋ ಹಾಗೆ ವಾಲಿರಲಿ. ಆಟ ಎಂಥದ್ದು ಅಂತ ತಕ್ಷಣ ಗೊತ್ತಾಗುತ್ತದೆ, ನಗುವೂ ಬರುತ್ತದೆ ಅಲ್ವಾ?

ಬಣ್ಣದ ಕಡೆಗೂ ಗಮನ ಕೊಡಿ. ಬೂದು ಬೆಕ್ಕಿನ ಹಿಂದೆ ಬೂದು ಮಳೆ ಇದ್ದರೆ ಎರಡೂ ಮಾಯ. ಚಿತ್ರವನ್ನು ಕಪ್ಪು-ಬಿಳುಪು ಮಾಡಿ ನೋಡಿ, ಆಗಲೂ ಬೆಕ್ಕು ಎದ್ದು ಕಂಡರೆ ಸರಿ.

ಅಂದಹಾಗೆ, ಪ್ರಶಸ್ತಿ, ವಿಮರ್ಶೆಯ ಅಂಕ ಅಂತೆಲ್ಲ ಕವರ್ ಮೇಲೆ ಅಂಟಿಸಬೇಡಿ. 2022ರ ಸೆಪ್ಟೆಂಬರ್‌ನಿಂದ ಸ್ಟೀಮ್ ಅದಕ್ಕೆ ಬಿಡುವುದಿಲ್ಲ. ಗೇಮ್ ಹಾಕುವ ಇನ್ನೊಂದು ತಾಣ ಇಚ್.ಐಒಗೂ (itch.io) ಹಾಕುವುದಾದರೆ ಅಲ್ಲಿ ಸೂಚಿಸುವ ಕವರ್ ಅಳತೆ 630×500 ಪಿಕ್ಸೆಲ್. ಇದೇ ಚಿತ್ರವನ್ನು ಸುಮ್ನೆ ಕತ್ತರಿಸಿದರೆ ಬೆಕ್ಕಿನ ಕಿವಿ ಹೋಗುತ್ತೆ, ಹೊಸದಾಗಿ ಜೋಡಿಸಿ!