ಟಿವಿ, ರಿಸೀವರ್ ಆನ್ ಇದೆಯೋ ಇಲ್ಲವೋ ಎಂದು ಆಟೊಮೇಷನ್‌ಗೆ (ಮನೆಯ ಉಪಕರಣಗಳನ್ನು ತಾನಾಗಿ ನಡೆಸುವ ವ್ಯವಸ್ಥೆಗೆ) ಗೊತ್ತಾಗುವುದು ಹೇಗೆ?

ತೊಂದರೆಯ ಮೂಲ ಪವರ್ ಬಟನ್‌ನಲ್ಲಿದೆ: ಆನ್ ಮಾಡುವುದೂ ಅದೇ, ಆಫ್ ಮಾಡುವುದೂ ಅದೇ. ಇನ್‌ಫ್ರಾರೆಡ್ ರಿಮೋಟ್ ಸಂಕೇತ ಕಳಿಸುತ್ತದೆ, ಉತ್ತರ ಪಡೆಯುವುದಿಲ್ಲ. ಮನೆಯವರು ಯಾರೋ ಮೊದಲೇ ಟಿವಿ ಹಾಕಿದ್ದರೆ, ‘ಸಿನಿಮಾ ಶುರು’ ಎಂಬ ನಿಮ್ಮ ಆಜ್ಞೆ ಅದನ್ನು ಆರಿಸಿಬಿಡುತ್ತದೆ.

ಮೊದಲು ನಿಮ್ಮ ಮಾದರಿಗೆ ಆನ್, ಆಫ್ ಎರಡಕ್ಕೂ ಬೇರೆ ಬೇರೆ ಇನ್‌ಫ್ರಾರೆಡ್ ಕೋಡ್ ಇದೆಯೇ ಹುಡುಕಿ. ರಿಮೋಟ್‌ನಲ್ಲಿ ಬಟನ್ ಇಲ್ಲದಿದ್ದರೂ ಹಲವು ಉಪಕರಣಗಳು ಅವನ್ನು ಒಪ್ಪುತ್ತವೆ. ಸಿಕ್ಕರೆ ಪತ್ತೆಯ ಗೊಡವೆಯೇ ಬೇಡ.

ಸಿಗದಿದ್ದರೆ ನಾನು ನಂಬುವುದು ವಿದ್ಯುತ್ ಬಳಕೆಯನ್ನು. ವ್ಯಾಟ್ ಅಳೆಯುವ ಸ್ಮಾರ್ಟ್ ಪ್ಲಗ್ ಹಾಕಿ. ಸ್ಟ್ಯಾಂಡ್‌ಬೈನಲ್ಲಿ ಟಿವಿ ಎಳೆಯುವುದು ಸಾಮಾನ್ಯವಾಗಿ ಒಂದೆರಡು ವ್ಯಾಟ್, ಓಡುವಾಗ ಹತ್ತಾರು. ಎರಡನ್ನೂ ನಿಮ್ಮ ಮನೆಯಲ್ಲೇ ಅಳೆದು, ಮಿತಿಯನ್ನು ನಡುವೆ ಇಡಿ. ಆಫ್ ಮಾಡಿದ ಮೇಲೂ ಕೆಲವು ಟಿವಿಗಳು ಅಪ್‌ಡೇಟ್‌ಗೆಂದು ಸ್ವಲ್ಪ ಹೊತ್ತು ಎಚ್ಚರವಾಗಿರುತ್ತವೆ. ಹಾಗಾಗಿ ಅಂಕಿ ಸ್ವಲ್ಪ ಹೊತ್ತು ಮಿತಿಯ ಒಂದೇ ಬದಿಯಲ್ಲಿ ನಿಂತ ಮೇಲೆ ತೀರ್ಮಾನಿಸಿ. ಪ್ಲಗ್‌ನಿಂದ ಕರೆಂಟ್ ಮಾತ್ರ ಕಡಿಯಬೇಡಿ, ಅಳೆಯುವುದಕ್ಕಷ್ಟೇ ಬಳಸಿ.

ಎಚ್‌ಡಿಎಂಐ-ಸಿಇಸಿ (ಎಚ್‌ಡಿಎಂಐ ಕೇಬಲ್‌ನಲ್ಲೇ ಉಪಕರಣಗಳು ಪರಸ್ಪರ ಆಜ್ಞೆ ಕಳಿಸುವ ವ್ಯವಸ್ಥೆ) ಮೂಲಕ ಟಿವಿಯನ್ನೇ ಕೇಳಬಹುದು, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಸಾಕು. ಆದರೆ ಎಲ್ಲ ಟಿವಿಗಳೂ ಸರಿಯಾಗಿ ಉತ್ತರಿಸುವುದಿಲ್ಲ. ಪಿಂಗ್ (ಉಪಕರಣ ನೆಟ್‌ವರ್ಕ್‌ನಲ್ಲಿ ಉತ್ತರಿಸುತ್ತದೆಯೇ ಎಂಬ ಪರೀಕ್ಷೆ) ಒಂದನ್ನೇ ನೆಚ್ಚಬೇಡಿ. ಸ್ಟ್ಯಾಂಡ್‌ಬೈನಲ್ಲೂ ನೆಟ್‌ವರ್ಕ್ ಎಚ್ಚರವಿದ್ದರೆ ಅದಕ್ಕೆ ಉತ್ತರ ಬರುತ್ತದೆ.